ಪುಟ್ಟಸ್ವಾಮಿಯ ಮೂರು ನಿಮಿಷ

ಕ್ಯಾಲಿಫೋರ್ನಿಯಾದ ಸ್ಯಾನ್ ಲಿಯಾಂಡ್ರೊದಲ್ಲಿ ಗ್ಯಾರೇಜು ಇಟ್ಟಿದ್ದ ಪುಟ್ಟಸ್ವಾಮಿಯನ್ನು ಅರಿಯದ ಕನ್ನಡಿಗರು ಆ ಕಾಲದ ಬೇ ಏರಿಯಾದಲ್ಲಿ ಕಡಿಮೆ. ಯಾರ ಹಳೆ ಡಾಟ್ಸನ್ ಕಾರು ಫ್ರೀವೇ ನಡುವೆ ಕೆಮ್ಮಿ ನಿಂತರೂ ಮೊದಲ ಫೋನು ಹೋಗುತ್ತಿದ್ದದ್ದು ಅವನಿಗೆ. ಆದರೆ ತಾನು ಹೆಸರು ಮಾಡಿದ್ದು ಕೈಯಿಂದಲ್ಲ, ಬಾಯಿಯಿಂದ ಎಂಬುದು ಅವನ ಹೆಮ್ಮೆ. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಕನ್ನಡ ಕೂಟದ ವೇದಿಕೆಯಲ್ಲಿ ಮೈಕು ಹಿಡಿದು ಕಾರ್ಯಕ್ರಮ ನಡೆಸಿಕೊಡುತ್ತಿದ್ದವನು ಅವನೇ. ಡಿಗ್ರಿಯ ಮೇಲೆ ಡಿಗ್ರಿ ಮಾಡಿದ ಎಂಜಿನಿಯರುಗಳು, ಡಾಕ್ಟರುಗಳು, ಮಂಡ್ಯ ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಒಂದನ್ನೇ ನೆಚ್ಚಿ ಬಂದಿದ್ದ ಈ ಮೆಕ್ಯಾನಿಕ್ಕಿನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನ ಬಲದ ಮೇಲೆ ಅವನು ವರ್ಷವಿಡೀ ಗ್ರೀಸು ಮೆತ್ತಿದ ಬಟ್ಟೆಯಲ್ಲೂ ತಲೆಯೆತ್ತಿ ಓಡಾಡುತ್ತಿದ್ದ.

ಅವನಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನು. ಅಕ್ಕ ಗೌರಮ್ಮ ಎಂಜಿನಿಯರ್ ನಂಜುಂಡಸ್ವಾಮಿಯನ್ನು ಮದುವೆಯಾಗಿ ಸನಿವೇಲ್‌ಗೆ ಬಂದಳು. ಅಮೆರಿಕದ ಪ್ರಜೆಯಾದ ಮೇಲೆ ತಮ್ಮನಿಗೆ ವೀಸಾದ ಕಾಗದ ಹಾಕಿ 1976ರಲ್ಲಿ ಕರೆಸಿಕೊಂಡಳು. ಅವನ ಜೊತೆಗೆ ಬಂದವಳು ಎರಡು ವರ್ಷದ ಹಿಂದೆ ಅವನ ಕೈಹಿಡಿದಿದ್ದ ಜಲಜಾ, ಚನ್ನರಾಯಪಟ್ಟಣದವಳು. ನಾಲ್ಕು ವರ್ಷ ಪೋರ್ಚುಗೀಸ್ ಯಜಮಾನನೊಬ್ಬನ ಕೈಕೆಳಗೆ ದುಡಿದ ಪುಟ್ಟಸ್ವಾಮಿ ಆಮೇಲೆ ಸ್ವಂತ ಗ್ಯಾರೇಜು ತೆರೆದ. ಮೂವರು ಕೆಲಸದವರು. ಫೋನು ಎತ್ತಿ ಗಿರಾಕಿಗಳ ಹೆಸರು ಬರೆದುಕೊಳ್ಳುವುದು ಜಲಜಾಳ ಪಾಲಿಗೆ ಬಂತು. ಅವಳಿಗೆ ಮಾತು ಕಡಿಮೆ. “ನಮ್ಮ ಮದ್ವೇಲಿ ನನ್ನ ಹೆಂಡ್ತಿ ಬಾಯಿ ಬಿಟ್ಟಿದ್ದು ಒಂದೇ ಸಲ, ಅದೂ ಆಕಳಿಕೆ ಬಂದಿತ್ತು” ಎಂದು ಅವನು ಒಮ್ಮೆ ವೇದಿಕೆಯಲ್ಲಿ ಹೇಳಿದಾಗ ಎಲ್ಲರ ಜೊತೆ ಅವಳೂ ತಲೆ ತಗ್ಗಿಸಿ ನಕ್ಕಿದ್ದಳು.

1988ರ ಜನವರಿಯಲ್ಲಿ ಒಂದು ದಿನ ಪುಟ್ಟಸ್ವಾಮಿ ಕೆಟ್ಟು ನಿಂತ ಕಾರೊಂದನ್ನು ಎಳೆದು ತರಲು ಗಿಲ್‌ರಾಯ್‌ಗೆ ಹೋಗಿದ್ದ. ಮಧ್ಯಾಹ್ನ ಹಿಂತಿರುಗಿದರೆ ಗ್ಯಾರೇಜಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ. ಮೆಕ್ಯಾನಿಕ್ ರಮೋನ್ ಹೊಟ್ಟೆನೋವಿನಿಂದ ಕುಸಿದು ಬಿದ್ದನೆಂದೂ, ಜಲಜಾ ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದಳೆಂದೂ ಉಳಿದಿಬ್ಬರು ಹೇಳಿದರು. ಅವಳು ಬಂದಾಗ ಸಂಜೆಯಾಗಿತ್ತು.

“ಅಪೆಂಡಿಕ್ಸು ಒಡೆದಿತ್ತಂತೆ. ಕೌಂಟಿ ಸರ್ಕಾರದ ಆಸ್ಪತ್ರೇಲಿ ಆಪರೇಶನ್ ಆಯ್ತು. ಉಳ್ಕೋತಾನೆ ಅಂದ್ರು.”

“ಸದ್ಯ! ಆ ಟೊಯೋಟಾದವನು ಫೋನ್ ಮಾಡಿದ್ನಾ ಬೆಳಗ್ಗೆ?”

ಜಲಜಾ ಅವನ ಮುಖವನ್ನೇ ಒಂದು ಕ್ಷಣ ನೋಡಿ, “ಇಲ್ಲ” ಎಂದು ಒಳಗೆ ಹೋದಳು.

ಇದಾಗಿ ಮೂರು ವಾರಕ್ಕೆ ಮನೆಗೆ ಒಂದು ಫೋನು ಬಂತು. ಮೈಸೂರಿನ ಡಾಕ್ಟರ್ ಗುರುಪ್ರಸಾದ ಅಂತ, ಅವತ್ತು ಕೌಂಟಿ ಆಸ್ಪತ್ರೆಯಲ್ಲಿ ಸಿಕ್ಕಿದ್ದರು ಎಂದಳು ಜಲಜಾ. ವಿಮೆಯಿಲ್ಲದ ಬಡರೋಗಿಗಳ ಸಲುವಾಗಿ ಓಕ್ಲ್ಯಾಂಡಿನ ಒಂದು ಚರ್ಚಿನಲ್ಲಿ ಸಭೆಯಿದೆಯಂತೆ, ನಡೆದದ್ದನ್ನು ಬಂದು ಹೇಳಬೇಕಂತೆ.

“ನೀನಾ? ನೀನೇನ್ ಹೇಳೀಯ ಅಲ್ಲಿ?” ಎಂದು ನಕ್ಕ ಪುಟ್ಟಸ್ವಾಮಿ, ಅವಳು ತಡವರಿಸಿದರೆ ಎದ್ದು ಕಾಪಾಡುವುದು ತಾನೇ ಎಂದುಕೊಂಡು ಜೊತೆಗೆ ಹೊರಟ.

ಅವಳು ತಡವರಿಸಲಿಲ್ಲ. ಅರವತ್ತು ಎಪ್ಪತ್ತು ಜನರ ಮುಂದೆ ಎದ್ದು ನಿಂತು, ಗ್ಯಾರೇಜಿನ ಫೋನಿನಲ್ಲಿ ಕಲಿತ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುತ್ತ ಹೋದಳು. ಮೊದಲು ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋದದ್ದು. ಕೌಂಟರಿನವಳು ರಮೋನನ ಮುಖ ನೋಡದೆ ಇನ್ಶೂರೆನ್ಸ್ ಕಾರ್ಡು ಕೇಳಿದ್ದು. ಇಲ್ಲವೆಂದಾಗ ಕೌಂಟಿ ಆಸ್ಪತ್ರೆಗೆ ಹೋಗುವ ದಾರಿಯ ನಕ್ಷೆಯೊಂದನ್ನು ಕೈಗಿತ್ತದ್ದು, ಮೊದಲೇ ಅಚ್ಚು ಹಾಕಿಸಿಟ್ಟ ನಕ್ಷೆ. ಫ್ರೀವೇಯಲ್ಲಿ ರಮೋನ್ ಹಿಂದಿನ ಸೀಟಿನಲ್ಲಿ ತನ್ನ ತಾಯಿಯನ್ನು ಕೂಗಿದ್ದು, ಆಮೇಲೆ ಕೂಗುವುದನ್ನೂ ನಿಲ್ಲಿಸಿದ್ದು. “ಅವನು ಸುಮ್ಮನಾದಾಗ ನನಗೆ ಹೆಚ್ಚು ಭಯವಾಯಿತು” ಎಂದಳು.

ಪುಟ್ಟಸ್ವಾಮಿ ಇದನ್ನೆಲ್ಲ ಕೇಳುತ್ತಿದ್ದದ್ದು ಅದೇ ಮೊದಲು. ತನ್ನ ಹೆಂಡತಿಯ ಕಥೆಯನ್ನು ಗುರುತಿಲ್ಲದವರ ನಡುವೆ ಕುಳಿತು ಕೇಳುತ್ತಿದ್ದೇನಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಅವಳು ಮುಗಿಸಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂಟದಲ್ಲಿ ಅಷ್ಟು ವರ್ಷ ನಗಿಸಿದರೂ ಅವನಿಗಾಗಿ ಯಾರೂ ಎದ್ದು ನಿಂತಿರಲಿಲ್ಲ.

ಡಾಕ್ಟರ್ ಗುರುಪ್ರಸಾದ ಹತ್ತಿರ ಬಂದ. ನಲವತ್ತರ ಒಳಗಿನ ತೆಳ್ಳನೆಯ ಮನುಷ್ಯ, ತೋಳಿಲ್ಲದ ಬೂದುಬಣ್ಣದ ಸ್ವೆಟರು, ಮೆತ್ತಗಿನ ಮೈಸೂರು ಮಾತು. “ನೋಡಿ ಸಾರ್, ಅವತ್ತು ನಮ್ಮ ಕೌಂಟರಲ್ಲಿ ಇವರು ಅಚ್ಚ ಕನ್ನಡದಲ್ಲಿ ‘ಬೇಗ ಬರ್ರಪ್ಪ, ಮನುಷ್ಯ ಹೋಗ್ಬಿಡ್ತಾನೆ’ ಅಂತ ಗದರ್ತಾ ಇದ್ರು. ನಾನು ಸ್ಟ್ರೆಚರ್ ಹಿಡ್ಕೊಂಡು ಓಡಿ ಬಂದೆ!” ಎಂದು ನಕ್ಕ. ಜಲಜಾಳೂ ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಯಿತೆಂದು ಪುಟ್ಟಸ್ವಾಮಿಗೆ ನೆನಪಾಗಲಿಲ್ಲ. ಡಾಕ್ಟರಿಗೆ ಮದುವೆಯಾಗಿಲ್ಲವೆಂಬುದು ಮನೆಗೆ ಮರಳುವಾಗ ಕಾರಿನಲ್ಲಿ ಜಲಜಾಳ ಮಾತಿನ ನಡುವೆ ಗೊತ್ತಾಯಿತು.

ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿ ನೋಡಿದರೂ ಇದೇ ವಾದ. ಕೆಲಸ ಕೊಡುವ ಪ್ರತಿಯೊಬ್ಬ ಮಾಲೀಕನೂ ತನ್ನ ಕೆಲಸದವರಿಗೆ ಆರೋಗ್ಯ ವಿಮೆ ಕೊಳ್ಳಲೇಬೇಕು, ಸ್ವಂತ ಕಸುಬಿನವರು ತಮಗೆ ತಾವೇ ಕೊಳ್ಳಬೇಕು ಎಂಬ ಕಾನೂನು ಬರಲಿ ಎಂದು ಕೆಲವರು, ಬರಕೂಡದೆಂದು ಕೆಲವರು. ಡಾಕ್ಟರು ಕರೆದಲ್ಲಿಗೆಲ್ಲ ಜಲಜಾ ಹೋದಳು. ಒಮ್ಮೆ ಕಾರ್ಮಿಕರ ಸಂಘಕ್ಕೆ, ಒಮ್ಮೆ ಎಮರಿವಿಲ್‌ನ ಬಣ್ಣದ ಕಾರ್ಖಾನೆಯ ಗೇಟಿಗೆ. ಊರಿನ ಪತ್ರಿಕೆಯಲ್ಲಿ ಅವಳ ಫೋಟೊ ಬಂತು. ಹನ್ನೊಂದು ವರ್ಷದ ಮಗಳು ವಿನುತಾ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು. “ಮಾಮ್ ಈಸ್ ಫೇಮಸ್, ಡ್ಯಾಡ್!” ಎಂದಳು. ಹಾಲು ತೆಗೆಯಲು ಹೋದಾಗಲೆಲ್ಲ ಆ ಫೋಟೊ ಪುಟ್ಟಸ್ವಾಮಿಯ ಕಣ್ಣಿಗೆ ಕುಕ್ಕುತ್ತಿತ್ತು. ಅದರಲ್ಲಿ ಜಲಜಾಳ ಪಕ್ಕ ಬೂದು ಸ್ವೆಟರಿನ ಒಂದು ಅಂಚು ಕಾಣುತ್ತಿತ್ತು. ಅವನು ಕಾಫಿಗೆ ಹಾಲು ಹಾಕಿಕೊಳ್ಳುವುದನ್ನೇ ಬಿಟ್ಟ.

ಯುಗಾದಿಗೆ ಮುಂಚೆ ಕೂಟದ ಅಧ್ಯಕ್ಷ ಜಯರಾಮ್ ಗ್ಯಾರೇಜಿಗೆ ಬಂದ.

“ಪುಟ್ಟಸ್ವಾಮಣ್ಣ, ಈ ಸಲ ಒಂದು ಡಿಬೇಟು ಇಡೋಣ ಅಂತಿದೀವಿ. ಇನ್ಶೂರೆನ್ಸು ಕಡ್ಡಾಯ ಆಗ್ಬೇಕೋ ಬೇಡ್ವೋ ಅಂತ. ಜಲಜಕ್ಕ ಮಾತಾಡ್ತಾರೆ.”

“ಆಗ್ಲಿ ಬಿಡು, ನಾನು ನಡೆಸ್ಕೊಡ್ತೀನಿ.”

ಜಯರಾಮ್ ಟೈರುಗಳ ಕಡೆ ನೋಡಿದ. “ಅಲ್ಲ… ಈ ಸಲ ಗುರುಪ್ರಸಾದ್ ನಡೆಸ್ಕೊಡ್ಲಿ ಅಂತ ಕಮಿಟಿ ಹೇಳ್ತು. ಸೀರಿಯಸ್ ಟಾಪಿಕ್ಕು ನೋಡಿ.”

ಪುಟ್ಟಸ್ವಾಮಿ “ಅದೂ ಸರಿಯೇ” ಎಂದು ಕಾರಿನ ಕೆಳಗೆ ನುಸುಳಿಕೊಂಡ. ಜಯರಾಮ್ ಹೋಗುವ ತನಕ ಈಚೆ ಬರಲಿಲ್ಲ.

ಯುಗಾದಿಯ ದಿನ ವೇದಿಕೆಯ ಕೆಳಗೆ ಕುಳಿತು ಅವನು ವಾದ ಕೇಳಿದ. ಭಾವ ನಂಜುಂಡಸ್ವಾಮಿ, “ನಂಗೆ ನಮ್ಮ ಕಂಪನಿ ಕೊಡುತ್ತೆ. ಕೊಡದ ಕಡೆ ಇರೋರು ಬೇರೆ ಕೆಲಸ ಹುಡುಕ್ಲಿ” ಎಂದ. ಇನ್ನೊಬ್ಬ, “ಕಾರಿಗೆ ಇನ್ಶೂರೆನ್ಸು ಇಲ್ದೆ ರೋಡಿಗೆ ಇಳೀಬಾರ್ದು ಅಂತೀವಿ. ಮನುಷ್ಯನಿಗೆ ಯಾಕ್ ಬೇಡ?” ಎಂದ. ಅದಕ್ಕೆ ಮತ್ತೊಬ್ಬ, “ಕಾರು ಬೇಡ ಅಂದ್ರೆ ಮಾರ್ಬಿಡಬಹುದು. ಮೈ ಮಾರೋಕಾಗುತ್ತಾ? ಇದು ಉಸಿರಾಡೋದಕ್ಕೇ ಟ್ಯಾಕ್ಸ್ ಹಾಕಿದಂಗೆ” ಎಂದ. ಜನ ನಕ್ಕರು. ಕೊನೆಗೆ ಜಲಜಾ ಎದ್ದಳು.

“ಇನ್ಶೂರೆನ್ಸು ಇಲ್ದೋರ ಖರ್ಚನ್ನ ಈಗ್ಲೂ ಯಾರೋ ಒಬ್ರು ಕಟ್ತಾನೇ ಇದಾರೆ. ಗೊತ್ತಾಗದಂಗೆ ಕಟ್ತಿದೀವಿ, ಅಷ್ಟೆ. ನಮ್ಮ ಮನೇಲಿ ಇನ್ಶೂರೆನ್ಸು ಇದೆ. ಇದನ್ನ ನೋಡಿದಾಗೆಲ್ಲ ನಂಗೆ ರಮೋನ್ ಮುಂದೆ ನಾಚಿಕೆ ಆಗುತ್ತೆ.” ಹೀಗೆಂದು ವ್ಯಾನಿಟಿ ಬ್ಯಾಗಿನಿಂದ ನೀಲಿ ಕಾರ್ಡೊಂದನ್ನು ತೆಗೆದು ಎತ್ತಿ ತೋರಿಸಿದಳು.

ಪುಟ್ಟಸ್ವಾಮಿ ಅಕ್ಕಪಕ್ಕ ಕುಳಿತವರತ್ತ ಕಣ್ಣು ಹಾಯಿಸಿದ. ಆ ಕಾರ್ಡು ಸತ್ತು ಮೂರು ವರ್ಷವಾಗಿತ್ತು. ಕಂತು ಒಮ್ಮೆಲೇ ಏರಿದ್ದ 1985ರಲ್ಲಿ ಅವನು ಕಟ್ಟುವುದನ್ನು ನಿಲ್ಲಿಸಿದ್ದ. ಬರುವ ತಿಂಗಳು ಮತ್ತೆ ಶುರು ಮಾಡೋಣ ಎಂದುಕೊಂಡ. ಆ ತಿಂಗಳು ಬರಲೇ ಇಲ್ಲ. ಮರುವರ್ಷ ವಿನುತಾ ಜಾರುಬಂಡೆಯಿಂದ ಬಿದ್ದು ಕೈ ಮುರಿದುಕೊಂಡಾಗ ಜಲಜಾಳನ್ನು ಮನೆಯಲ್ಲೇ ಬಿಟ್ಟು ತಾನೊಬ್ಬನೇ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ, ತನಗೆಂದು ರಿಪೇರಿ ಮಾಡಿ ಇಟ್ಟುಕೊಂಡಿದ್ದ ಫೋಕ್ಸ್‌ವ್ಯಾಗನ್ ಮಾರಿ ಬಿಲ್ಲು ತೀರಿಸಿದ್ದ. ಊರಿಗೆಲ್ಲ ಮಾತಿನ ಮಲ್ಲನಾದವನಿಗೆ ಮನೆಯಲ್ಲಿ ಈ ಒಂದು ಮಾತು ಗಂಟಲಿನಿಂದ ಮೇಲೆ ಬಂದಿರಲಿಲ್ಲ.

ಅಂದು ಊಟದ ಹೊತ್ತಿಗೆ ಹೆಂಗಸರು ಜಲಜಾಳನ್ನು ಮುತ್ತಿಕೊಂಡರು. ಅವಳ ತಟ್ಟೆಗೆ ಒಬ್ಬಟ್ಟು ಬಡಿಸಿದವನು ಡಾಕ್ಟರ್ ಗುರುಪ್ರಸಾದ. ತುಪ್ಪ ಹಾಕಲೇ ಎಂದು ಅವನು ಕೇಳಿದ್ದು, ಅವಳು ಸಾಕೆಂದು ಕೈ ಅಡ್ಡ ಹಿಡಿದದ್ದು, ಅಷ್ಟು ದೂರದಿಂದಲೂ ಪುಟ್ಟಸ್ವಾಮಿಗೆ ಕಂಡಿತು. ತನ್ನ ಹೊಟ್ಟೆಯಲ್ಲಿ ಉರಿಯುತ್ತಿರುವುದು ಯಾವುದರ ಕಿಚ್ಚೆಂದು ಅವನಿಗೇ ತಿಳಿಯದಾಯಿತು. ಡಾಕ್ಟರ ಮೇಲೋ, ಅವಳಿಗೆ ಸಿಕ್ಕ ಮೈಕಿನ ಮೇಲೋ? ಎರಡೂ ಕಲಸಿಕೊಂಡು ಒಂದೇ ಉರಿಯಾಗಿತ್ತು.

ಜೂನ್ ತಿಂಗಳಲ್ಲಿ ಶಾಸಕರ ಸಮಿತಿಯೊಂದು ಓಕ್ಲ್ಯಾಂಡಿಗೆ ಬಂದು ಜನರ ಅಹವಾಲು ಕೇಳುವುದೆಂದು ಗೊತ್ತಾಯಿತು. ಯಾರು ಬೇಕಾದರೂ ಹೆಸರು ಕೊಟ್ಟು ಮೂರು ನಿಮಿಷ ಮಾತಾಡಬಹುದು. ಜಲಜಾ ಒಂದು ವಾರ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತ ಅಭ್ಯಾಸ ಮಾಡಿದಳು. ಪುಟ್ಟಸ್ವಾಮಿ ಅವಳಿಗೆ ಹೇಳದೆ, ಕಾನೂನು ಬೇಡವೆನ್ನುವ ಸಣ್ಣ ಅಂಗಡಿಯವರ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿದ.

ಸಮಿತಿ ಬಂದ ದಿನ ಬೆಳಿಗ್ಗೆ ಡಾಕ್ಟರ ಕಾರು ಬಂದು ಅವಳನ್ನು ಕರೆದುಕೊಂಡು ಹೋಯಿತು. ಕೆಲಸವಿದೆ ಎಂದು ಮನೆಯಲ್ಲಿ ಉಳಿದ ಪುಟ್ಟಸ್ವಾಮಿ ಹತ್ತು ನಿಮಿಷ ಬಿಟ್ಟು ಕೋಟು ತೊಟ್ಟು ಹೊರಟ.

ಸರ್ಕಾರಿ ಕಟ್ಟಡದ ದೊಡ್ಡ ಸಭಾಂಗಣದಲ್ಲಿ ಮುನ್ನೂರು ಜನರಿದ್ದರು. ಮೈಕಿನ ಬಳಿ ಮೂರು ನಿಮಿಷದ ಲೆಕ್ಕ ತೋರಿಸುವ ಹಸಿರು, ಹಳದಿ, ಕೆಂಪು ದೀಪಗಳು. ಜಲಜಾಳದು ಹದಿನೇಳನೆಯ ಸರದಿ. ಅವಳು ಚೆನ್ನಾಗಿಯೇ ಮಾತಾಡಿದಳು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಪುಟ್ಟಸ್ವಾಮಿಗೆ ಅವಳ ಇಂಗ್ಲಿಷಿನ ತಪ್ಪುಗಳು ಮಾತ್ರ ಕೇಳಿಸಿದವು. “ನನ್ನ ಮನೆಯಲ್ಲಿ ವಿಮೆಯಿದೆ. ರಮೋನನ ಮನೆಯಲ್ಲಿ ಇಲ್ಲ. ನಾವಿಬ್ಬರೂ ಒಂದೇ ಸೂರಿನ ಕೆಳಗೆ ದುಡಿಯುತ್ತೇವೆ” ಎಂದು ಅವಳು ಮುಗಿಸಿದಳು. ಸಮಿತಿಯ ಹಿರಿಯನೊಬ್ಬ ಕನ್ನಡಕ ತೆಗೆದು ಒರೆಸಿಕೊಂಡ.

ಮೂವತ್ತೊಂದನೆಯ ಹೆಸರನ್ನು ಅಧಿಕಾರಿ ಹೇಗೆ ಹೇಗೋ ಓದಿದ. ಪುಟ್ಟಸ್ವಾಮಿ ಎದ್ದು ಮೈಕಿನ ಕಡೆ ನಡೆದಾಗ ಜಲಜಾ ತಿರುಗಿ ನೋಡಿ, ಏನೂ ತಿಳಿಯದವಳಂತೆ ಅರೆಬಾಯಿ ತೆರೆದಳು.

ಮೊದಲ ನಿಮಿಷ ಅವನು ಬರೆದು ತಂದದ್ದನ್ನೇ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದೊಡ್ಡ ಕಂಪನಿಗೆ ಕೊಡುವ ದರವನ್ನು ಮೂರು ಜನರ ಗ್ಯಾರೇಜಿಗೆ ಯಾವ ವಿಮೆಯವನೂ ಕೊಡುವುದಿಲ್ಲ. ಕೊಳ್ಳಲೇಬೇಕೆಂದು ಕಾನೂನು ಮಾಡಿದರೆ ಮೂವರಲ್ಲಿ ಒಬ್ಬನನ್ನು ಬಿಡಿಸಬೇಕಾಗುತ್ತದೆ. ಆಗ ಅವನಿಗೆ ವಿಮೆಯೂ ಇಲ್ಲ, ಕೆಲಸವೂ ಇಲ್ಲ. ಸಭೆ ಗಮನವಿಟ್ಟು ಕೇಳಿತು. ಎರಡನೆಯ ನಿಮಿಷದಲ್ಲಿ ಅವನ ಹಳೆಯ ಚಾಳಿ ಮರಳಿತು. “ನಾನು ಕೆಟ್ಟ ಕಾರನ್ನು ರಿಪೇರಿ ಮಾಡುತ್ತೇನೆ. ಈ ಕಾನೂನಿನವರು ಕೆಡದ ಕಾರಿಗೂ ಬಿಲ್ಲು ಕಳಿಸಿ ಎನ್ನುತ್ತಿದ್ದಾರೆ” ಎಂದ. ಜನ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕಿವಿಗೆ ಬಿದ್ದು ಮೈ ಹಗುರಾಯಿತು. ಜಲಜಾ ನಕ್ಕಳೇ ಎಂದು ಆ ಕಡೆ ನೋಡಿದ.

ಗುರುಪ್ರಸಾದ ಬಾಗಿ ಅವಳ ಕಿವಿಯ ಬಳಿ ಏನೋ ಹೇಳುತ್ತಿದ್ದ. ಅವಳು ತಲೆಯಾಡಿಸಿದಳು.

ಪುಟ್ಟಸ್ವಾಮಿ ಕಾಗದವನ್ನು ಮಡಿಚಿದ. “ಹದಿನೇಳನೆಯವರಾಗಿ ಇಲ್ಲಿ ಒಬ್ಬ ಹೆಂಗಸು ಮಾತಾಡಿದರು. ಅವರ ಮನೆಯಲ್ಲಿ ವಿಮೆಯಿದೆ ಎಂದರು. ಅವರು ನನ್ನ ಹೆಂಡತಿ. ಸ್ವಾಮಿ, ನಮ್ಮ ಮನೆಯಲ್ಲಿ ವಿಮೆ ಇಲ್ಲ. ಮೂರು ವರ್ಷದ ಹಿಂದೆಯೇ ನಿಲ್ಲಿಸಿದ್ದೇನೆ. ಅವಳಿಗೇ ಗೊತ್ತಿಲ್ಲ! ಮೂರು ವರ್ಷ ನಾವೇನು ಸತ್ತೆವೇ? ಇಲ್ಲದಿರುವುದು ಹೆಂಡತಿಗೇ ಗೊತ್ತಾಗದಂಥ ವಸ್ತುವನ್ನು ಕೊಳ್ಳಲೇಬೇಕೆಂದು ನೀವೇಕೆ ಬಲವಂತ ಮಾಡುತ್ತೀರಿ?”

ಅಂಗಡಿಯವರ ಕಡೆಯಿಂದ ನಗು ಸಿಡಿಯಿತು, ಶಿಳ್ಳೆಯೂ ಬಂತು. ಕೆಂಪು ದೀಪ ಹತ್ತಿತು. ನಗುವಿನ ನಡುವೆಯೇ ಪುಟ್ಟಸ್ವಾಮಿ ಕಂಡದ್ದೆಂದರೆ ಜಲಜಾ ವ್ಯಾನಿಟಿ ಬ್ಯಾಗು ತೆರೆದು, ಆ ನೀಲಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಕಣ್ಣಿಗೆ ಹತ್ತಿರ ಹಿಡಿದು ತಾರೀಖು ಹುಡುಕುತ್ತಿದ್ದುದು. ಗುರುಪ್ರಸಾದ ಏನೋ ಹೇಳಲು ಹೋದ. ಅವಳು ಕೈ ಅಡ್ಡ ಮಾಡಿ ಅವನನ್ನು ತಡೆದು, ಎದ್ದು ಒಬ್ಬಳೇ ಹೊರಗೆ ನಡೆದಳು.

ಹೊರಗೆ ಜನ ಪುಟ್ಟಸ್ವಾಮಿಯ ಕೈ ಕುಲುಕಿದರು. ಒಬ್ಬ ಪತ್ರಿಕೆಯವನು ಹೆಸರಿನ ಸ್ಪೆಲ್ಲಿಂಗು ಕೇಳಿದ. ಅವನು ಅಕ್ಷರ ಅಕ್ಷರವಾಗಿ ಹೇಳಿದ, ಆದರೆ ಕಣ್ಣು ಬೀದಿಯ ಮೇಲಿತ್ತು. ಜಲಜಾ ಅವನ ಕಾರಿಗೂ ಬರಲಿಲ್ಲ, ಡಾಕ್ಟರ ಕಾರಿಗೂ ಹತ್ತಲಿಲ್ಲ. ರೈಲು ಹಿಡಿದು, ಸ್ಟೇಷನ್ನಿನಿಂದ ನಡೆದು ಮನೆಗೆ ಬಂದಳು.

ಅವನು ಬಂದಾಗ ಅಡುಗೆಮನೆಯಲ್ಲಿ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತದೆ ನಾರು ತೆಗೆಯುತ್ತಲೇ ಕೇಳಿದಳು.

“ವಿನುತಾ ಕೈ ಮುರ್ಕೊಂಡಾಗ?”

“ಕ್ಯಾಶ್ ಕೊಟ್ಟೆ. ಫೋಕ್ಸ್‌ವ್ಯಾಗನ್ ಮಾರಿದ್ನಲ್ಲ, ಅದು.”

“ಅದು ನಿಮಗೆ ಬೇಜಾರಾಗಿ ಮಾರಿದ್ದು ಅಂದಿದ್ರಿ.”

“ನಿನ್ನ ಕಣ್ಣಿಗೆ ಸಣ್ಣೋನಾಗಬಾರ್ದು ಅಂತ ಹೇಳ್ಲಿಲ್ಲ ಕಣೆ.”

ಜಲಜಾ ಕೈ ನಿಲ್ಲಿಸಿದಳು. “ಮುನ್ನೂರು ಜನರ ಮುಂದೆ ಹೇಳಿದ್ರಿ. ನನ್ನೊಬ್ಳಿಗೆ ಹೇಳಕ್ಕಾಗ್ಲಿಲ್ವಾ?”

ಅವನು ಮನಸ್ಸಿನಲ್ಲಿದ್ದದ್ದನ್ನೇ ಕಕ್ಕಿದ. “ಆ ಡಾಕ್ಟ್ರು ನಿನ್ನ ಕಿವೀಲಿ ಏನಂದ?”

ಅವಳು ನಂಬಲಾರದವಳಂತೆ ನೋಡಿದಳು. “‘ನಿಮ್ಮ ಯಜಮಾನ್ರು ಬಹಳ ಚೆನ್ನಾಗಿ ಮಾತಾಡ್ತಾರೆ’ ಅಂದ್ರು. ಹೌದು ಅಂತ ತಲೆ ಆಡಿಸ್ದೆ.” ಅವಳೇ ಮುಂದುವರಿಸಿದಳು: “ನಿಮಗೆ ಡೌಟಿದ್ರೆ ಹೇಳ್ತೀನಿ ಕೇಳಿ. ರಮೋನ್ನ ಒಳಗೆ ಕರ್ಕೊಂಡು ಹೋದ ಮೇಲೆ ಅವರು ಬಂದು ಪಕ್ಕದಲ್ಲಿ ಕೂತು ‘ಆಮೇಲೆ ಏನಾಯ್ತು’ ಅಂತ ಕೇಳಿದ್ರು. ಅಷ್ಟೇ ಅವರು ನನಗೆ ಮಾಡಿದ್ದು. ಹದಿನಾಲ್ಕು ವರ್ಷದಲ್ಲಿ ನೀವು ಒಂದ್ಸಲ ಕೇಳಿದೀರಾ ಹಂಗೆ?”

ಅವಳು ಮತ್ತೆ ಕಾಯಿ ಬಿಡಿಸತೊಡಗಿದಳು.

ಮರುದಿನದ ಪತ್ರಿಕೆಯಲ್ಲಿ ಪುಟ್ಟಸ್ವಾಮಿಯ ಮಾತು ಬಂತು. ವಿನುತಾ ಅದನ್ನು ಫ್ರಿಜ್ಜಿಗೆ ಅಂಟಿಸಲಿಲ್ಲ. ಗೌರಮ್ಮ ಫೋನು ಮಾಡಿ, “ಏನೋ ತಮ್ಮ, ಮನೆ ಮರ್ಯಾದೇನ ಹಿಂಗೆ ಮೈಕಲ್ಲಿ ಹರಾಜು ಹಾಕ್ತಾರೇನೋ?” ಎಂದು ಬೈದಳು.

ಸೆಪ್ಟೆಂಬರಿನಲ್ಲಿ ಜಲಜಾ ಕೌಂಟಿ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಅವನನ್ನು ಕೇಳಲಿಲ್ಲ; ಸೋಮವಾರದಿಂದ ಹೋಗುತ್ತೇನೆ ಎಂದಳು, ಅಷ್ಟೆ. ಆ ಕೆಲಸಕ್ಕೆ ಇಡೀ ಮನೆಮಂದಿಯ ವಿಮೆ ಬರುತ್ತಿತ್ತು. ಅಕ್ಟೋಬರಿನಲ್ಲಿ ಹೊಸ ಕಾರ್ಡುಗಳು ಬಂದವು. ಪುಟ್ಟಸ್ವಾಮಿಯ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಜಲಜಾಳ ಹೆಸರು, ಅದರ ಕೆಳಗೆ ಸಣ್ಣದಾಗಿ ಅವನದು, ಅವಲಂಬಿತ ಎಂಬ ಮಾತಿನೊಡನೆ. ಅವನು ಅದನ್ನು ಎರಡು ವಾರ ಟೀವಿಯ ಮೇಲೆಯೇ ಬಿಟ್ಟಿದ್ದ. ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಡುವಾಗ ಆ ಕಟ್ಟಡದಲ್ಲೇ ಬೂದು ಸ್ವೆಟರಿನವನೂ ಇರುತ್ತಾನೆಂಬುದು ಅವನಿಗೆ ನೆನಪಾಗುತ್ತಿತ್ತು. ಗ್ಯಾರೇಜಿನಲ್ಲಿ ಈಗ ಫೋನು ಎತ್ತುವವನು ಅವನೇ. ಗಿರಾಕಿಗಳು, “ಜಲಜಾ ಇಲ್ಲವೇ?” ಎಂದು ಕೇಳುತ್ತಿದ್ದರು.

ಅಷ್ಟರಲ್ಲಿ ಕಾನೂನಿನ ಮಾತೂ ತಣ್ಣಗಾಗಿತ್ತು. ಗೆದ್ದದ್ದು ಪುಟ್ಟಸ್ವಾಮಿಯ ಕಡೆಯವರು. ಅವನಿಗೆ ಗೆದ್ದಂತೆ ಅನಿಸಲಿಲ್ಲ.

ಹೆಂಡತಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬದುಕಲಾರೆ ಎಂಬ ಹಟದಿಂದಲೇ ಅವನು ಒಬ್ಬ ವಿಮೆ ಏಜೆಂಟನನ್ನು ಹಿಡಿದ. ಮೂರು ಜನಕ್ಕೆ ಆಗುವುದಿಲ್ಲ, ಇಪ್ಪತ್ತು ಜನ ಒಟ್ಟಿಗೆ ಬಂದರೆ ದರ ಇಳಿಯುತ್ತದೆ, ಒಳಗೊಬ್ಬ ಕಾಯಿಲೆಯವನಿದ್ದರೂ ನಡೆಯುತ್ತದೆ ಎಂದ ಏಜೆಂಟ. ಪುಟ್ಟಸ್ವಾಮಿ ತನ್ನ ಬೀದಿಯ ಗ್ಯಾರೇಜುಗಳು, ಟೈರಂಗಡಿ, ಸೀಟು ಹೊಲಿಯುವವನ ಅಂಗಡಿ ಎಲ್ಲ ಸುತ್ತಿದ. ಅವನ ಬಾಯಿ ಕೆಲಸಕ್ಕೆ ಬಂತು. ಚಳಿಗಾಲ ಮುಗಿಯುವ ಹೊತ್ತಿಗೆ ಹದಿನಾರು ಜನ ಒಪ್ಪಿದರು. ಅವರಲ್ಲೊಬ್ಬ ಸಕ್ಕರೆ ಕಾಯಿಲೆಯಿದ್ದ ಅವನ ಹಳೆಯ ಪೋರ್ಚುಗೀಸ್ ಯಜಮಾನ. ಉಳಿದದ್ದು ಟೈರಂಗಡಿಯ ಅಣ್ಣತಮ್ಮಂದಿರು ಮತ್ತು ಅವರ ಇಬ್ಬರು ಆಳುಗಳು. ನಾಲ್ವರೂ ಕಲ್ಲಿನಂಥ ಯುವಕರು.

“ನಮಗೆ ನೆಗಡಿಯೂ ಬರೋದಿಲ್ಲ. ನಾವ್ಯಾಕೆ ಆ ಮುದುಕನ ಸಕ್ಕರೆಗೆ ಕಟ್ಟಬೇಕು?” ಎಂದ ಅಣ್ಣ. ತಮ್ಮ ನಗುತ್ತ ಗೋಡೆ ತೋರಿಸಿದ. ಅಲ್ಲಿ ಪತ್ರಿಕೆಯ ತುಂಡೊಂದನ್ನು ಅಂಟಿಸಿದ್ದರು. “ನೀನೇ ಹೇಳಿದ್ದಲ್ಲವೇ ಇದು? ಕೆಡದ ಕಾರಿಗೆ ಬಿಲ್ಲು ಯಾಕೆ ಅಂತ? ನಮಗೆ ಬಹಳ ಹಿಡಿಸಿತ್ತು.”

ಪುಟ್ಟಸ್ವಾಮಿ ಏನೆಲ್ಲ ಹೇಳಿ ನೋಡಿದ. ಪ್ರತಿ ಮಾತಿಗೂ ಅವರು ಅವನದೇ ಮಾತನ್ನು ತಿರುಗಿಸಿ ಕೊಟ್ಟರು. ಗಟ್ಟಿಮುಟ್ಟಾದವರು ಹೊರಗುಳಿದರೆ ಕಾಯಿಲೆಯವರ ಗುಂಪು ನಿಲ್ಲುವುದಿಲ್ಲವೆಂದು, ಡಾಕ್ಟರೂ ಜಲಜಾಳೂ ವರ್ಷವಿಡೀ ಹೇಳುತ್ತಿದ್ದದ್ದನ್ನೇ, ತಾನೀಗ ಟೈರುಗಳ ನಡುವೆ ನಿಂತು ಗೋಗರೆಯುತ್ತಿದ್ದೇನೆಂದು ಅವನಿಗೆ ಅರಿವಾಗದೆ ಇರಲಿಲ್ಲ.

ಮೂರು ದಿನ ನುಂಗಿಕೊಂಡು, ನಾಲ್ಕನೆಯ ದಿನ ಜಲಜಾ ಚಹಾ ಕುಡಿಯುವಾಗ ಹೇಳಿದ. ಹೇಳಲು ಶುರು ಮಾಡಿದ್ದೇ ತಡ, ಗೋಡೆಯ ಪತ್ರಿಕೆಯ ತನಕ ಎಲ್ಲ ಬಂತು. ಅವಳು ನಗುತ್ತಾಳೆಂದುಕೊಂಡಿದ್ದ. ನಗಲಿಲ್ಲ.

“ನಾನೇನ್ ಮಾಡ್ಲಿ?”

“ನೀನು ಬಂದು ಒಂದ್ ಮಾತು ಹೇಳು.” ಆ ಮಾತು ಆಡುವಾಗ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು. “ನಿನ್ನ ಮಾತಾದ್ರೆ ಕೇಳ್ತಾರೆ.”

ಶನಿವಾರ ಅವಳು ಬಂದಳು. ಟೈರಂಗಡಿಯ ಮರದ ಸ್ಟೂಲಿನ ಮೇಲೆ ಕುಳಿತು ಆ ವಾರ ಕೌಂಟರಿಗೆ ಬಂದಿದ್ದ ಒಬ್ಬನ ವಿಷಯ ಹೇಳಿದಳು. ಇಪ್ಪತ್ತಾರು ವರ್ಷದವನು, ಚಾವಣಿಗೆ ಹೆಂಚು ಹೊದೆಸುವವನು, ಭಾನುವಾರ ಫುಟ್‌ಬಾಲ್ ಆಡುವಾಗ ಮಂಡಿ ಮುರಿದುಕೊಂಡವನು. ಅವನು ಗಟ್ಟಿಮುಟ್ಟಾಗಿಯೇ ಇದ್ದ, ಶನಿವಾರದ ತನಕ. ಅವನ ಹೆಸರಿನ ಮುಂದೆ ವಿಮೆ ಇಲ್ಲ ಎಂದು ತಾನೇ ಬರೆದುಕೊಂಡೆನೆಂದಳು. ಸಹಿ ಹಾಕಿ ಎನ್ನಲಿಲ್ಲ, ಮುದುಕನ ಸುದ್ದಿ ಎತ್ತಲಿಲ್ಲ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಬಳಿ ನಿಂತಿದ್ದ ಪುಟ್ಟಸ್ವಾಮಿ ಒಳಗೊಳಗೇ ಉರಿಯುತ್ತ, ಆದರೂ ಕಣ್ಣು ಕೀಳಲಾರದೆ ಅವಳನ್ನೇ ನೋಡಿದ. ಅವನು ಇಡೀ ಚಳಿಗಾಲದಲ್ಲಿ ಮಾಡಲಾರದ್ದು ಹತ್ತು ನಿಮಿಷದಲ್ಲಿ ಆಗಿಹೋಯಿತು.

1989ರ ಏಪ್ರಿಲ್ಲಿನಲ್ಲಿ ಇಪ್ಪತ್ತು ಕಾರ್ಡುಗಳು ಬಂದವು. ತನ್ನದರ ಮೇಲೆ ತನ್ನೊಬ್ಬನದೇ ಹೆಸರಿರುವುದನ್ನು ಪುಟ್ಟಸ್ವಾಮಿ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ರಮೋನನ ಕಾರ್ಡನ್ನು ತಾನೇ ಹೋಗಿ ಕೈಗಿಟ್ಟ. ಏನಾದರೂ ಹೇಳುತ್ತಾನೆಂದು ಕಾದ.

ರಮೋನ್ ಎಣ್ಣೆಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾರ್ಡನ್ನು ಅಂಚಿನಲ್ಲಿ ಹಿಡಿದು ಓದಿದ. “ಹಲ್ಲಿಗೆ ಬರುತ್ತಾ?”

“ಇಲ್ಲ. ಹಲ್ಲಿಗೆ ಬೇರೆ ಇನ್ಶೂರೆನ್ಸು.”

“ಹೂಂ” ಎಂದ ರಮೋನ್ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನೇರ ಆಫೀಸಿನ ಫೋನಿನ ಬಳಿ ಹೋದ. ಕೌಂಟಿ ಆಸ್ಪತ್ರೆಯ ನಂಬರು ಅವನಿಗೆ ಬಾಯಿಪಾಠವಾಗಿತ್ತು. “ಜಲಜಾ ಇದ್ದಾರಾ?” ಎಂದು ಕೇಳಿದ. ಆಮೇಲೆ ಅರ್ಧ ಇಂಗ್ಲಿಷು ಅರ್ಧ ಸ್ಪ್ಯಾನಿಷಿನಲ್ಲಿ, ಕಾರ್ಡು ಬಂತೆಂದೂ ಮನೆಯವಳಿಗೆ ಇನ್ನೂ ಹೇಳಿಲ್ಲವೆಂದೂ, ಮೊದಲು ಹೇಳುತ್ತಿರುವುದು ನಿಮಗೇ ಎಂದೂ, ಥ್ಯಾಂಕ್ಯೂ ಥ್ಯಾಂಕ್ಯೂ ಎಂದೂ ಉದ್ದಕ್ಕೆ ಮಾತಾಡಿದ.

ಪುಟ್ಟಸ್ವಾಮಿ ಎರಡು ಮಾರು ದೂರದಲ್ಲಿ ಸ್ಪಾನರು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡ. ಬೀದಿ ಬೀದಿ ಸುತ್ತಿದ್ದು ಯಾರು, ಏಜೆಂಟನ ಕಾಲು ಹಿಡಿದದ್ದು ಯಾರು ಎಂದು ಕೂಗಿ ಹೇಳುವಂತಾಯಿತು. ಅಷ್ಟರಲ್ಲಿ ರಮೋನ್ ಫೋನನ್ನು ಅವನ ಕಡೆ ಚಾಚಿದ.

“ಹೇಳು” ಎಂದ ಪುಟ್ಟಸ್ವಾಮಿ, ಸಿಡುಕಿನಿಂದ.

“ಅವನು ನಂಗೆ ಥ್ಯಾಂಕ್ಸ್ ಹೇಳ್ತಾ ಇದಾನೆ” ಎಂದಳು ಜಲಜಾ. “ನಿಮಗೆ ಹೇಳ್ದಾ?”

“ಇಲ್ಲ. ಹಲ್ಲಿಗೆ ಬರುತ್ತಾ ಅಂದ.”

ಆ ಕಡೆ ಅವಳು ನಕ್ಕಳು. ಕೌಂಟರಿನಲ್ಲಿ ಸಾಲು ನಿಂತ ಜನಕ್ಕೆಲ್ಲ ಕೇಳಿಸುವ ಹಾಗೆ ನಗುತ್ತಿರಬೇಕೆಂದು ಪುಟ್ಟಸ್ವಾಮಿಗೆ ಅನಿಸಿತು. ಆ ಸಾಲಿನವರ ಮೇಲೂ ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಫೋನಿಟ್ಟವನೇ ರಮೋನನ ಕಡೆ ತಿರುಗಿ, ಟೊಯೋಟಾದ ಬ್ರೇಕು ಮುಗಿಯಿತಾ ಎಂದು ಗದರಿದ.